ಹದಿನಾಲ್ಕನೆಯ ನಿಯಮ

ಉಪ್ಪಳ ಗೇಟಿನ ಹತ್ತಿರ, ಅರ್ಧ ಇಳಿಸಿದ ಶಟರಿನ ಕೆಳಗೆ
ಬಗ್ಗಿ ಒಳಬರುತ್ತಾರೆ ಮೂವರು ಸೇನಾಪತಿಗಳು.
ಫ್ಲೆಕ್ಸು ಮೆಷಿನು ಆರಿದೆ. ಶಾಯಿಯ ವಾಸನೆ ಆರಿಲ್ಲ.
ನೆಲದ ಮೇಲೆ ನನ್ನ ಲೋಕ:
ಹಳೆಯ ಬ್ಯಾನರುಗಳನ್ನು ಆರು ಮೂಲೆಗೆ ಕತ್ತರಿಸಿದ
ತೊಂಬತ್ತೊಂದು ಬಿಲ್ಲೆ.
ಮೇಲೆ ಕಾಡು, ಕೋಟೆ, ಹೊಳೆ, ಗದ್ದೆ.
ಮಗುಚಿದರೆ ಯಾರದೋ ಮದುವೆಯ ಅರ್ಧ ಹೆಸರು,
ಚಿನ್ನದಂಗಡಿಯ ಒಂದು ಕಿವಿ,
ಶರಬತ್ತಿನ ಲೋಟದ ತಳ.

ಎರಡು ವರ್ಷ ಬರೆದೆ ಇದನ್ನು. ಹದಿಮೂರು ನಿಯಮ.
ಮೂಡಲ ರಾಜ್ಯಕ್ಕೆ ಹಳದಿ, ಪಡುವಲಕ್ಕೆ ನೀಲಿ,
ನಡುವಿನ ಏಳು ಬಿಲ್ಲೆ ಬೂದಿ.
ಅದರಲ್ಲಿ ಅರ್ಥವೇನಿಲ್ಲ, ಅವತ್ತು ಶಾಯಿ ಮುಗಿದಿತ್ತು.
ಮತ್ತೆ, ಗುಡ್ಡ ಇಳಿದು ಬರುವ ಮುರಕಲ್ಲರಾಯ:
ಕೆಂಪು, ತೂತುತೂತು ಮೈ, ಗಾಳಿ ತಾಗಿದಷ್ಟೂ ಗಟ್ಟಿ.
ಅವನು ಕಾಲಿಟ್ಟ ಬಿಲ್ಲೆ ಮಗುಚುತ್ತದೆ.

ಮೊದಲು ಬೈದವನು ಕ್ಷೌರದಂಗಡಿಯ ಐತಪ್ಪ:
"ರಾಕ್ಷಸ ಬರುದು ನಾಲ್ಕನೇ ಸುತ್ತಿಗೆ,
ಗೋಡೆ ಏಳುದು ಆರನೇ ಸುತ್ತಿಗೆ.
ಎಂತ ಮಾರಾಯ, ನೀನು ಮಾಡಿದ್ದು ಆಟವಾ
ವಿಲೇಜಾಫೀಸಿನ ಅರ್ಜಿಯಾ?"
ಕಷ್ಟ ಇರಬೇಕಲ್ಲ, ಎಂದೆ.
ಮೊಂತೇರೊ ಪೊರ್ಬುಗಳು,
ಮೂವತ್ತು ವರ್ಷ ರೈಲ್ವೇ ಗೇಟು ಹಾಕಿ ತೆಗೆದವರು,
ದಾಳವನ್ನು ಅಂಗೈಯಲ್ಲೇ ಬೆಚ್ಚಗಿಟ್ಟುಕೊಂಡು ಹೇಳಿದರು:
"ಇದು ಕಷ್ಟ ಅಲ್ಲ, ಅವಸರ.
ಎರಡೂ ಬೇರೆ ಬೇರೆ ಗಾಡಿ."

ಪಕ್ಕದ ಟೈಲರ್ ಖೈರುನ್ನೀಸ ಬಾಯಿ ಬಿಡಲಿಲ್ಲ.
ಅಳತೆ ಪುಸ್ತಕ ತೆರೆದರು.
ಎದೆ, ಸೊಂಟ, ತೋಳುಗಳ ಆಚೆ, ಕೊನೆಯ ಹಾಳೆಯಲ್ಲಿ
ಇಪ್ಪತ್ತಮೂರು ಆಟ, ಇಪ್ಪತ್ತಮೂರು ಸೋಲು,
ಸೋಲಿನೆದುರು ಕಾರಣ:
ಹೊಳೆ ದಾಟಬಾರದಿತ್ತು.
ಬಿಲ್ಲುಗಾರರನ್ನು ಹಿಂದೆ ಬಿಟ್ಟೆ.
ಆಸೆ.
ಒಂಬತ್ತರ ಎದುರು ಮಾತ್ರ ಖಾಲಿ.
"ಸೋಲಿಸಿ, ಬೇಜಾರಿಲ್ಲ. ಬಟ್ಟೆ ಹಾಳಾದರೆ
ಕತ್ತರಿ ಎಲ್ಲಿ ತಪ್ಪಿತು ಅಂತ ನನಗೆ ಗೊತ್ತಾಗ್ತದೆ.
ಈ ಒಂಬತ್ತು ಸಲ ಗೊತ್ತಾಗಲೇ ಇಲ್ಲ.
ಅದು ನಿಮ್ಮ ತಪ್ಪು."

ಆ ರಾತ್ರಿ ಒಂಬತ್ತನ್ನೂ ಒಬ್ಬನೇ ಆಡಿದೆ.
ಹೌದು, ನನ್ನದೇ.
ದಾಳದಲ್ಲಿ ಒಂದು ಬಿದ್ದರೆ ರಾಯ ಎರಡು ಹೆಜ್ಜೆ ಹಾರುತ್ತಿದ್ದ.
ಯಾಕೆ ಹಾಗೆ ಬರೆದೆನೋ. ಯಾರೋ ಬ್ಯಾನರಿನ ದುಡ್ಡು
ಕೊಡದೆ ಸತಾಯಿಸಿದ ದಿನ ಇರಬೇಕು.
ಹೊಡೆದು ಹಾಕಿದೆ. ಗೋಡೆಗೆ ಐದು ಸುತ್ತು, ರಾಯನಿಗೂ ಐದು.

ಇಪ್ಪತ್ತನಾಲ್ಕನೆಯ ಆಟ.
ಖೈರುನ್ನೀಸ ಕೋಟೆ ಕಟ್ಟಲಿಲ್ಲ.
ಉಳಿದ ಒಂದೇ ಕಾಲಾಳು, ನಾಲ್ಕು ತೂತಿನ ಬಿಳಿ ಗುಂಡಿ,
ತಂದು ಬೂದಿ ಬಿಲ್ಲೆಯ ಮೇಲೆ ಇಟ್ಟರು.
"ಅಲ್ಲಿ ಬೆಳೆ ಇಲ್ಲ, ಸಂಬಳ ಇಲ್ಲ," ಐತಪ್ಪ,
"ಯಾವ ರಾಜನ ಲೆಕ್ಕದಲ್ಲೂ ಇಲ್ಲ."
"ಕೂರ್ಲಿಕ್ಕೆ ಜಾಗ ಉಂಟಲ್ಲ."
ರಾಯ ಬಂದ. ಹಳದಿ ಮಗುಚಿದ, ನೀಲಿ ಮಗುಚಿದ.
ನಾಲ್ಕನೆಯ ನಿಯಮ: ರಾಯ ಬಣ್ಣ ಹುಡುಕಿ ನಡೆಯುತ್ತಾನೆ.
ಬೂದಿ ಅವನ ಕಣ್ಣಿಗೆ ಬೀಳಲಿಲ್ಲ.
ಎಂಬತ್ತನಾಲ್ಕು ಬಿಲ್ಲೆ ಬೆನ್ನು ತೋರಿಸಿ ಮಲಗಿದಾಗ
ನೆಲದ ತುಂಬ ಒಂದು ಚಿಂದಿ ಬ್ಯಾನರು:
ಅರ್ಧ ವರ, ಕಾಲು ವಧು, ಶೇಕಡಾ ಹತ್ತು ರಿಯಾ
ನಡುವೆ ಒಂದು ಗುಂಡಿ.

"ಇದು ಗೆದ್ದದ್ದಾ?"
ಗೆಲ್ಲಲು ಐದು ಕೋಟೆ ಬೇಕು. ಅಲ್ಲ.
"ಸೋತದ್ದಾ?"
ಗುಂಡಿ ಅಲ್ಲೇ ಉಂಟು.
ಪೊರ್ಬುಗಳು ನಕ್ಕರು. ಹೊರಗೆ ಮಂಗಳೂರಿನ ಗಾಡಿ ಹಾದುಹೋಯಿತು,
ಮಗುಚಿದ್ದು ಮಗುಚದ್ದು ಎಲ್ಲ ಬಿಲ್ಲೆಯೂ ಅದುರಿತು.

ಹದಿನಾಲ್ಕು, ಎಂದು ಬರೆದು
ಪೆನ್ನು ಎತ್ತಿಕೊಂಡು ಕೂತಿದ್ದೇನೆ.
ಹಳದಿ, ನೀಲಿ ಎರಡೂ ಡಬ್ಬಿ ಮೊನ್ನೆಯೇ ಬಂದಿವೆ.
ಮುಚ್ಚಳ ತೆಗೆದಿಲ್ಲ.

ಬೆಳಿಗ್ಗೆ ಶಟರಿನ ಕೆಳಗಿಂದ ಐತಪ್ಪನ ತಲೆ:
"ರಾಕ್ಷಸ ಈಗ ಭಾರೀ ಪಾಪ ಆದ ಮಾರಾಯ,
ಆಡ್ಲಿಕ್ಕೆ ಉದಾಸೀನ ಆಗ್ತದೆ.
ಸ್ವಲ್ಪ ಜೋರು ಮಾಡು."